ಎಂಟೂವರೆ ಅಡಿಯ ಚೌಕಾಶಿ

ಮೊನ್ನೆ ನಮ್ಮ ಬಜಾರಿನ ವ್ಯಾಪಾರಿಗಳೆಲ್ಲ ಸೇರಿ ಎಲೆ ಅಂಗಡಿಯ ಅಣ್ಣನಿಗೊಂದು ಸಂತಾಪ ಸಭೆ ಮಾಡಿದರು. ಒಬ್ಬರಾದ ಮೇಲೆ ಒಬ್ಬರು ಎದ್ದು, ರಸ್ತೆ ಚೆಂದವಾಗಲೆಂದು ತಮ್ಮ ಅಂಗಡಿಯ ಜಾಗವನ್ನೇ ನಗುನಗುತ್ತ ಬಿಟ್ಟುಕೊಟ್ಟ ತ್ಯಾಗಿ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಆ ಮನುಷ್ಯ ಜನ್ಮದಲ್ಲಿ ಯಾರಿಗೂ ಏನನ್ನೂ ನಗುನಗುತ್ತ ಬಿಟ್ಟುಕೊಟ್ಟವರಲ್ಲ. ಕೊನೆಗೆ ಎರಡು ನಿಮಿಷ ಮೌನ ಎಂದರು. ಅವರೇ ಇದ್ದಿದ್ದರೆ ಅದನ್ನು ಒಂದೂಕಾಲು ನಿಮಿಷಕ್ಕೆ ಇಳಿಸಿ, ಮೇಲೆ ಒಂದು ಕೆಮ್ಮನ್ನು ಕೊಸರು ಕೇಳುತ್ತಿದ್ದರು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಆ ರಸ್ತೆಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಮುಂಬಯಿಯಲ್ಲಿ ನಮ್ಮ ಕಡೆಯಿಂದ ಬಂದವರೆಲ್ಲ ಮರಾಠಿಗರ ಬಾಯಲ್ಲಿ ‘ಅಣ್ಣಾ’ಗಳೇ. ಸಯನ್ನಿನ ನಮ್ಮ ಹಳೇ ಬಜಾರಿನಲ್ಲಿ ಅಂಥ ಅಣ್ಣಂದಿರು ಬೇಕಾದಷ್ಟು ಜನ ಇದ್ದರೂ, ಬರೀ ‘ಅಣ್ಣಾ’ ಎಂದರೆ ಬಾಳೆಎಲೆ, ತೆಂಗಿನಕಾಯಿ, ವೀಳ್ಯದೆಲೆ ಮಾರುವ ಇವರೇ. ಉಡುಪಿಯ ಕಡೆಯವರು. ಗಿಡ್ಡ ಆಳು, ಮುಂದೆ ಬಂದ ಹೊಟ್ಟೆ, ಯಾವಾಗಲೂ ಏನನ್ನೋ ಅನುಮಾನಿಸುವ ಒಂದು ಹುಬ್ಬು.

ನನಗೆ ಅವರ ಪರಿಚಯವಾದದ್ದು ಹೆಂಡತಿಯ ದೆಸೆಯಿಂದ. ಅವಳು ಧಾರವಾಡದಿಂದ ನಮ್ಮ ಚಾಳಿನ ಮನೆಗೆ ಬಂದ ಹೊಸತು. ತೆಂಗಿನಕಾಯಿ ತರಲು ಹೋದವಳು ಬರಿಗೈಯಲ್ಲಿ ವಾಪಸು ಬಂದಳು. “ಆ ಅಂಗಡಿಯವರಿಗೆ ಕಾಯಿ ಮಾರೋದು ಬ್ಯಾಡಾಗ್ಯದೇನ್ರಿ?” ಎಂದಳು. ಆದದ್ದು ಇಷ್ಟು: ಅಣ್ಣ ದರ ಹೇಳಿದ್ದರು, ಇವಳು ತಕ್ಷಣ ದುಡ್ಡು ಮುಂದೆ ಮಾಡಿದ್ದಳು. ಅಣ್ಣ ಕಾಯನ್ನು ಹಿಂದಕ್ಕೆ ಎಳೆದುಕೊಂಡಿದ್ದರು.

“ನಾನು ಹೇಳಿದ್ದಕ್ಕೆ ಹೂಂ ಅಂದ್ರೆ ಹೇಗಮ್ಮ? ಬೊಂಬಾಯಿಯಲ್ಲಿ ಸಂಸಾರ ಮಾಡ್ಲಿಕ್ಕೆ ಬಂದವರಲ್ವಾ ನೀವು? ಕಡಿಮೆ ಮಾಡಿ ಅಂತ ಕೇಳಿ.”

“ಕಡಿಮಿ ಮಾಡ್ರಿ,” ಎಂದಳಂತೆ ಇವಳು, ಹೆದರಿ.

“ಹಾಗೆ. ಎಷ್ಟಕ್ಕೆ?”

“ನೀವು ಹೇಳಿದಷ್ಟಕ್ಕ.”

ಅಣ್ಣ ಹಣೆ ಚಚ್ಚಿಕೊಂಡು, ಮನೆಗೆ ಹೋಗಿ ಯೋಚನೆ ಮಾಡಿ ಬರಲು ಹೇಳಿ ಕಳಿಸಿದ್ದರು. ಜಗಳ ಮಾಡಲೆಂದು ನಾನು ಹೋದೆ. ಅರ್ಧ ಗಂಟೆಯ ಮೇಲೆ ಒಂದು ಕಾಯಿ, ಒಂದು ಕಟ್ಟು ಎಲೆ ಹಿಡಿದುಕೊಂಡು, ಅವರಿಗೆ ನಮಸ್ಕಾರ ಹೇಳಿ ಬಂದೆ. ಎಲೆ ನಮಗೆ ಬೇಕಿರಲಿಲ್ಲ.

ಅವರಿಗೆ ಚೌಕಾಶಿ ಎಂದರೆ ಲಾಭದ ಲೆಕ್ಕವಲ್ಲ, ಸಂಸ್ಕಾರ. ಹೇಳಿದ ಮಾತಿಗೆ ಹೂಂ ಅನ್ನುವುದು ಎದುರಿನವರಿಗೆ ಮಾಡುವ ಅವಮಾನ ಎಂದು ತಿಳಿದಿದ್ದರು. ಡಾಕ್ಟರರು ಮೂರು ಚಮಚ ಔಷಧಿ ಬರೆದರೆ ಇವರು ಎರಡಕ್ಕೆ ಒಪ್ಪಿಸಿ ಬರುತ್ತಿದ್ದರು. ಒಮ್ಮೆ ಜೋಯಿಸರೊಬ್ಬರು ಏಳೂವರೆ ವರ್ಷ ಶನಿಕಾಟ ಎಂದರು. ಅಣ್ಣ ಐದು ಎಂದರು. ಜೋಯಿಸರು ಗ್ರಹಗತಿ ಯಾರ ಕೈಯಲ್ಲೂ ಇಲ್ಲ ಎಂದು ಸಿಟ್ಟಾದರು. ಅಣ್ಣ ಎದ್ದು ಹೊರಟೇಬಿಟ್ಟರು. ದಕ್ಷಿಣೆ ಕೈತಪ್ಪುವುದನ್ನು ನೋಡಿ ಜೋಯಿಸರು, “ಬನ್ನಿ, ಆರೂವರೆ ಮಾಡುವ,” ಎಂದು ಕೂಗಿ ಕರೆದರು.

ಈ ಎದ್ದು ಹೊರಡುವುದೇ ಅವರ ಬ್ರಹ್ಮಾಸ್ತ್ರ. ಹೊರಟರೂ ಕಿವಿಯನ್ನು ಅಲ್ಲೇ ಬಿಟ್ಟು ಹೊರಡಬೇಕು ಎನ್ನುತ್ತಿದ್ದರು. ಹಿಂತಿರುಗಿ ನೋಡಬಾರದು, ಬೇಗನೆ ನಡೆಯಲೂ ಬಾರದು. ಎದುರಿನವನು ಕರೆಯಲೇಬೇಕು. ಕರೆಯದವನು ವ್ಯಾಪಾರಿಯೇ ಅಲ್ಲ.

ಅಂಗಡಿಯ ಮೇಲೆ ಅವರಿಗಿದ್ದ ಜೀವ ಬೇರೆ ಯಾವುದರ ಮೇಲೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಸಣ್ಣ ವಯಸ್ಸಿಗೇ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಮಾಣಿಯಾಗಿದ್ದವರು. ಮಾಣಿ ಕೂರುವ ಹಾಗಿಲ್ಲ. ಗಿರಾಕಿ ಇದ್ದರೂ ನಿಲ್ಲಬೇಕು, ಇಲ್ಲದಿದ್ದರೂ ನಿಲ್ಲಬೇಕು, ತನ್ನ ಊಟವನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮುಗಿಸಬೇಕು. ಕಾಲಿನ ನರಗಳು ಹುರಿಹಗ್ಗವಾಗಿ ಗಂಟು ಕಟ್ಟಿದ್ದವು. “ಕೂತವ ಧಣಿ, ನಿಂತವ ಮಾಣಿ. ಬೊಂಬಾಯಿಯಲ್ಲಿ ಜಾತಿ ಇರುದು ಇವೆರಡೇ ಮಾರಾಯ್ರೆ,” ಎನ್ನುತ್ತಿದ್ದರು. ಆಮೇಲೆ ಹೇಗೋ ಈ ಒಂಬತ್ತು ಅಡಿ ಆಳದ ಅಂಗಡಿ ಸಿಕ್ಕಿತು. ಮುಂದಿನ ಜಗಲಿಯಲ್ಲಿ ಒಂದು ಮಣೆ ಹಾಕಿ, ಚಕ್ಕಳಮಕ್ಕಳ ಕೂತರು. ಅಲ್ಲಿಂದ ಮುಂದೆ ಯಾರು ಬಂದರೂ ಏಳುತ್ತಿರಲಿಲ್ಲ. ಪೊಲೀಸಿನವರು ಬಂದರೂ ಕೂತೇ ನಮಸ್ಕಾರ.

ಆ ಬಜಾರು ಒಂದು ಕಾಲಕ್ಕೆ ಭಾರೀ ನಡೆದದ್ದಂತೆ. ಕೋಟೆಗುಡ್ಡದ ಬುಡದಲ್ಲಿ ಹಾದುಹೋಗುವ ಹಳೇ ರಸ್ತೆ. ಧಾರಾವಿಯಿಂದ ಚರ್ಮದ ಗಾಡಿಗಳು, ಮಡಕೆ ಹೊತ್ತವರು, ಉಪ್ಪಿನ ಗಾಡಿಗಳು ಎಲ್ಲ ಅಲ್ಲೇ ಹೋಗಬೇಕಿತ್ತು. ಆಚೆಗೆ ಹೊಸ ಅಗಲ ರಸ್ತೆಯಾದ ಮೇಲೆ ಬಸ್ಸುಗಳ ಜೊತೆ ಗಿರಾಕಿಗಳೂ ಅತ್ತ ತಿರುಗಿದರು. ತಾಮ್ರದ ಪಾತ್ರೆಯವರು ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಿದ್ದರು. ಆಗ ಬಜಾರಿಗೆ ಮತ್ತೆ ಜೀವ ತುಂಬುತ್ತೇವೆ ಎಂದು ಒಂದು ಸುಧಾರಣಾ ಕಮಿಟಿ ಹುಟ್ಟಿಕೊಂಡಿತು. ರಸ್ತೆ ಅಗಲ ಮಾಡುವುದು, ಎರಡೂ ಕಡೆ ಗಿಡ ನೆಡುವುದು, ಅಂಗಡಿಗಳಿಗೆಲ್ಲ ಒಂದೇ ಬಣ್ಣದ ಬೋರ್ಡು ಹಾಕುವುದು ಎಂದು ಯೋಜನೆಯಾಯಿತು. ಅದಕ್ಕಾಗಿ ಅಣ್ಣ ಇದ್ದ ಸಾಲಿನ ಪ್ರತಿ ಅಂಗಡಿಯೂ ಮುಂದಿನಿಂದ ಹತ್ತು ಅಡಿ ಬಿಟ್ಟುಕೊಡಬೇಕು.

ಉಳಿದ ಅಂಗಡಿಗಳು ಹದಿನೈದು, ಇಪ್ಪತ್ತು ಅಡಿ ಆಳ. ಗೊಣಗಿದರೂ ಬದುಕುತ್ತಿದ್ದರು. ಅಣ್ಣನದು ಒಂಬತ್ತೇ ಅಡಿ. ಅಂದರೆ ಅಂಗಡಿ ಪೂರ್ತಿ ಹೋಗಿ, ಮೇಲೆ ಒಂದು ಅಡಿಯನ್ನು ಅವರೇ ಕಮಿಟಿಗೆ ಬಾಕಿ ಉಳಿಸಿಕೊಂಡ ಹಾಗಾಯಿತು.

ಯೋಜನೆಯ ನೋಟೀಸನ್ನು ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಅಣ್ಣನಿಗೆ ಮರಾಠಿ ಬಾರದು, ಆದರೆ ನಾಗರಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ‘ಚೌಕಶಿ’ ಎಂದಿತ್ತು. ಅದನ್ನು ಓದಿ ಅವರ ಮುಖ ಅರಳಿತು. ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದರು.

“ನೋಡಿ ಮಾರಾಯ್ರೆ, ಸ್ವರಾಜ್ಯ ಅಂದ್ರೆ ಹೀಗಿರ್ಬೇಕು. ಬ್ರಿಟಿಷರು ಯಾವತ್ತಾದ್ರೂ ಹೀಗೆ ಬೋರ್ಡು ಹಾಕಿ ಚೌಕಾಶಿಗೆ ಕರೆದದ್ದುಂಟಾ?”

ನಾನು ನಕ್ಕೆ. ಮರಾಠಿಯಲ್ಲಿ ಚೌಕಶಿ ಎಂದರೆ ವಿಚಾರಣೆ. ಮರಾಠಿಗರ ನೆರೆಯಲ್ಲಿ ಬೆಳೆದ ನಮ್ಮ ಧಾರವಾಡದವರಿಗೆ ಇದು ಗೊತ್ತು. ಕರಾವಳಿಯವರಿಗೆ ಚೌಕಾಶಿ ಎಂದರೆ ಒಂದೇ ಅರ್ಥ.

“ಅಣ್ಣಾ, ಅದು ಚೌಕಾಶಿ ಅಲ್ರಿ, ಚೌಕಶಿ. ಅಂದ್ರ ವಿಚಾರಣಾ. ತಕರಾರು ಇದ್ರ ಬಂದು ಹೇಳ್ರಿ, ನಾವು ಬರಕೋತೇವಿ, ಆಮ್ಯಾಲೆ ನಮಗ ಬೇಕಾದ್ದ ಮಾಡ್ತೇವಿ ಅಂತ.”

“ಅವರು ಹತ್ತು ಹೇಳಿದ್ದಾರಾ?”

“ಹೇಳ್ಯಾರ.”

“ಎದುರು ಕೂತು ಮಾತಾಡ್ಲಿಕ್ಕೆ ಕರೆದಿದ್ದಾರಾ?”

“ಕರದಾರ.”

“ಮತ್ತೆ ಅದಕ್ಕೆ ಎಂತ ಹೇಳುದು ನಿಮ್ಮ ಧಾರವಾಡದಲ್ಲಿ?”

ನನ್ನ ಕರ್ಮಕ್ಕೆ, ದುಭಾಷಿಯಾಗಿ ಜೊತೆಗೆ ಬರುತ್ತೇನೆಂದು ಒಪ್ಪಿಕೊಂಡೆ.

ಆ ದಿನ ಅಣ್ಣ ಇದ್ದುದರಲ್ಲಿ ಹರಿದ ಅಂಗಿ ಹಾಕಿಕೊಂಡು ಬಂದರು. ಚೌಕಾಶಿಗೆ ಹೊಸ ಅಂಗಿ ಹಾಕಿ ಹೋಗುವವನು ಮೂರ್ಖ ಎಂಬುದು ಅವರ ಮತ. ಕಮಿಟಿಯ ಆಫೀಸು ಒಂದು ಹಳೇ ಬಂಗಲೆಯ ಮಹಡಿಯಲ್ಲಿತ್ತು. ಒಳಗೆ ಎಂಜಿನಿಯರ್ ಸಾಹೇಬರು ಒಬ್ಬರೇ, ಮರಾಠಿಯವರು, ತೆಳ್ಳಗಿನ ಸಭ್ಯ ಮನುಷ್ಯ. ಅವರ ಹಿಂದೆ ಗೋಡೆಯ ತುಂಬ ನಮ್ಮ ಬಜಾರಿನ ಮುಂದಿನ ರೂಪದ ಬಣ್ಣದ ಚಿತ್ರ. ಹೂಬಿಟ್ಟ ಮರಗಳ ಕೆಳಗೆ ಒಬ್ಬ ಹೆಂಗಸು ಬಣ್ಣದ ಕೊಡೆ ಹಿಡಿದು, ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದಳು. ಅಣ್ಣ ಬಹಳ ಹೊತ್ತು ಅವಳನ್ನೇ ನೋಡಿದರು.

“ಇವರು ಯಾರಂತ ಕೇಳಿ. ನಮ್ಮ ರಸ್ತೆಗೆ ಎಂತ ತಗೊಳ್ಳಿಕ್ಕೆ ಬಂದದ್ದು? ಕೈಯಲ್ಲಿ ಚೀಲವೇ ಇಲ್ಲ.”

ನಾನು ಇದನ್ನು ಮರಾಠಿಗೆ ತರಲಿಲ್ಲ. ಸಾಹೇಬರು ತಕರಾರು ಏನು ಎಂದು ಕೇಳಿದರು.

“ಹತ್ತು ಜಾಸ್ತಿ ಆಯ್ತು. ಎರಡು ಅಡಿ ತಗೊಳ್ಳಿ,” ಎಂದರು ಅಣ್ಣ.

“ಲೈನ್ ಮ್ಹಣಜೆ ಲೈನ್,” ಎಂದರು ಸಾಹೇಬರು. ಗೆರೆ ಎಂದರೆ ಗೆರೆ, ಒಬ್ಬರಿಗೊಂದು ನ್ಯಾಯವಿಲ್ಲ ಎಂದು ವಿವರಿಸಿದರು.

“ನನ್ನ ಹತ್ರ ಇರುದೇ ಒಂಬತ್ತು. ಹತ್ತನೇ ಅಡಿ ಹಿಂದಿನ ಪಾರ್ಸಿಯವರ ಹಿತ್ತಲಲ್ಲಿ ಉಂಟು. ಅದನ್ನು ನಾನು ಹೇಗೆ ತಂದುಕೊಡುದು?”

ಸಾಹೇಬರು ನಕ್ಷೆ ಬಿಡಿಸಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಒಂದು ಅಡಿ ಕೊರತೆ ಬೀಳುತ್ತದೆ ಎಂದು ಗಂಭೀರವಾಗಿ ಒಪ್ಪಿಕೊಂಡರು. ಆದರೂ ಗೆರೆ ಮಾತ್ರ ಗೆರೆಯೇ.

ಅಣ್ಣ ತಮ್ಮ ಕೊಡೆ ಎತ್ತಿಕೊಂಡು ಎದ್ದರು. ನನಗೆ ಕಣ್ಣು ಹೊಡೆದು, ನಿಧಾನವಾಗಿ, ಹಿಂತಿರುಗಿ ನೋಡದೆ ಹೊರಟರು. ಸಾಹೇಬರಿಗೆ ಈ ಶಾಸ್ತ್ರ ಎಲ್ಲಿ ಗೊತ್ತು? ವಿಚಾರಣೆ ಮುಗಿಯಿತೆಂದು ನನಗೂ ಕೈಮುಗಿದು, ಮುಂದಿನವರನ್ನು ಕರೆಯಲು ಪ್ಯೂನನಿಗೆ ಸನ್ನೆ ಮಾಡಿದರು. ನಾನು ಹೊರಗೆ ಬಂದು ನೋಡಿದರೆ ಅಣ್ಣ ಮೆಟ್ಟಿಲಿನ ತುದಿಯಲ್ಲಿ ಒಂದು ಕಾಲು ಕೆಳಗಿಟ್ಟು ನಿಂತಿದ್ದಾರೆ. ಆ ಕಾಲೂ ಕರೆಗಾಗಿ ಕಾಯುತ್ತಿತ್ತು. ಅಷ್ಟರಲ್ಲಿ ಪ್ಯೂನ್ ಬಾಗಿಲಿಗೆ ಬಂದು, ಬೆಂಚಿನ ಮೇಲಿದ್ದ ತಾಮ್ರದ ಪಾತ್ರೆಯವರನ್ನು “ಯಾ, ಯಾ” ಎಂದು ಕರೆದ. ಮರಾಠಿಯಲ್ಲಿ ಬನ್ನಿ, ಬನ್ನಿ ಎಂದು. ಅಷ್ಟು ಮರಾಠಿ ಅಣ್ಣನಿಗೆ ಬರುತ್ತಿತ್ತು.

“ಕರೆದರಾ ಇಲ್ಲವಾ?” ಎಂದು ನನ್ನ ತೋಳು ತಿವಿದು, ಪಾತ್ರೆಯವರಿಗಿಂತ ಮೊದಲು ಒಳಗೆ ಹೋಗಿ ಕೂತರು.

ಹೋದವರು ಗೆದ್ದ ಮುಖ ಹೊತ್ತು ಹಿಂದಕ್ಕೆ ಬಂದದ್ದನ್ನು ನೋಡಿ ಸಾಹೇಬರು ಕಂಗಾಲಾದರು. ಏನೋ ಹೇಳಬೇಕೆಂದು, “ಹೆಚ್ಚೆಂದರೆ ಒಂಬತ್ತೂವರೆ,” ಎಂದುಬಿಟ್ಟರು. ಅಲ್ಲಿಗೆ ಅವರ ಕತೆ ಮುಗಿಯಿತು. ಚೌಕಾಶಿಯಲ್ಲಿ ಎರಡನೆಯ ಸಂಖ್ಯೆ ಬಾಯಿಂದ ಬಿದ್ದ ಮೇಲೆ ಗೆರೆಯೂ ಇಲ್ಲ, ಗಡಿಯೂ ಇಲ್ಲ. ಅಣ್ಣ ಮೂರು ಎಂದರು. ಸಾಹೇಬರು ಒಂಬತ್ತು ಎಂದರು. ಚಹಾ ಬಂತು. ಅಣ್ಣ ತಮ್ಮ ಕಾಲಿನ ನರ ತೋರಿಸಿದರು, ಸಾಹೇಬರು ತಮ್ಮ ಮೇಲಧಿಕಾರಿಯ ಸಿಟ್ಟಿನ ವರ್ಣನೆ ಮಾಡಿದರು. ಅಣ್ಣ ನಾಲ್ಕಕ್ಕೆ ಏರಿದರು. ಸಾಹೇಬರ ಕಿವಿ ಕೆಂಪಾಗಿತ್ತು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ದರು. ಬಾಳಿನಲ್ಲಿ ಮೊದಲ ಸಲ ಮಾರುಕಟ್ಟೆಯ ರುಚಿ ಹತ್ತಿದ ಮನುಷ್ಯ. ನಾನು ಎರಡು ಭಾಷೆಗಳ ನಡುವೆ ಓಡಾಡಿ ಸುಸ್ತಾದೆ. ಕೊನೆಗೆ ಸಾಹೇಬರು ಫೈಲು ಮುಚ್ಚಿ, “ಎಂಟೂವರೆ. ಬೇಕಾದರೆ ತಗೊಳ್ಳಿ, ಇಲ್ಲವಾದರೆ ಬಿಡಿ,” ಎಂದರು. ಮುಚ್ಚಿದ ಫೈಲು ನೋಡಿ ಅಣ್ಣ ಬೆಚ್ಚಿದರು. ಕುದುರಿದ ವ್ಯಾಪಾರ ಎಲ್ಲಿ ಮುರಿದುಬೀಳುತ್ತದೋ ಎಂದು, “ಆಗ್ಲಿ,” ಎಂದು ಕೈ ಚಾಚಿದರು. ಇಬ್ಬರೂ ಬಹಳ ಸಂತೋಷದಿಂದ ಕೈ ಕುಲುಕಿದರು.

ಬಂಗಲೆಯ ಗೇಟಿನ ತನಕ ಅಣ್ಣ ನೆಲದ ಮೇಲೆ ಇರಲಿಲ್ಲ. “ಗೌರ್ಮೆಂಟಿನ ರೇಟು. ಅದರಲ್ಲಿ ಒಂದೂವರೆ ಇಳಿಸಿದ್ದು. ಯಾರಿಗಾದ್ರೂ ಆಗ್ತದಾ ಹೇಳಿ.”

ನನಗೆ ಆಗ ಲೆಕ್ಕ ಹೊಳೆಯಿತು. “ಅಣ್ಣಾ, ಅಂಗಡಿ ಒಂಬತ್ತು ಅಡಿ. ಎಂಟೂವರಿ ಕೊಟ್ಟು ಬಂದ್ರಿ.”

“ಹೌದು.”

“ಉಳದದ್ದು ಅರ್ಧ ಅಡಿ.”

ಅವರು ನಡೆಯುವುದನ್ನು ನಿಲ್ಲಿಸಿದರು. ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ನಡುವಿನ ಗೇಣಿನಷ್ಟೂ ಇಲ್ಲದ ಜಾಗವನ್ನು ನೋಡಿದರು. ಆಮೇಲೆ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಅವರು ಕೂರಲಿಲ್ಲ.

“ಇದರಲ್ಲಿ ಕೂರ್ಲಿಕ್ಕೆ ಆಗುದಿಲ್ಲ ಅಲ್ವಾ?” ಎಂದರು, ಸಯನ್ ಬಂದ ಮೇಲೆ.

ವಾಪಸು ಹೋಗಿ ಸಾಹೇಬರ ಕಾಲು ಹಿಡಿಯೋಣ ಎಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. ಕೈ ಕುಲುಕಿ ಮುಗಿಸಿದ ವ್ಯಾಪಾರವನ್ನು ಮುರಿಯುವುದು ಅವರ ದೃಷ್ಟಿಯಲ್ಲಿ ಕಳ್ಳತನಕ್ಕೆ ಸಮ.

ಹೀಗೆ ನಮ್ಮ ಬಜಾರಿಗೆ ಅರ್ಧ ಅಡಿ ಆಳದ ಅಂಗಡಿ ಬಂತು. ಹೊಸ ರಸ್ತೆ ಉದ್ದಕ್ಕೂ ನೇರವಾಗಿತ್ತು, ಅಲ್ಲಿ ಮಾತ್ರ ಅಂಗಡಿ ಸ್ವಲ್ಪ ಮೂಗು ಮುಂದೆ ಚಾಚುತ್ತಿತ್ತು. ಹಿಂದಿನ ಗೋಡೆ, ಅದಕ್ಕೆ ಹೊಡೆದ ಹಲಗೆಗಳು, ಎರಡು ಕದ, ಮೇಲೆ ಕಮಿಟಿ ಕೊಟ್ಟ ಹಸಿರು ಬೋರ್ಡು, ಇಷ್ಟೇ ಅಂಗಡಿ. ಬೋರ್ಡೇ ಅಂಗಡಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ತೆಂಗಿನಕಾಯಿ ಒಂದರ ಹಿಂದೆ ಒಂದು ಇಡುವ ಹಾಗಿಲ್ಲ, ಒಂದೇ ಸಾಲು. ಅಣ್ಣ ಅದರ ಮುಂದೆ ಫುಟ್‌ಪಾತಿನ ಮೇಲೆ ನಿಂತು ವ್ಯಾಪಾರ ಮಾಡುತ್ತಿದ್ದರು. ಹೊಸಬರು ಅವರನ್ನೂ ಗಿರಾಕಿ ಎಂದೇ ತಿಳಿದು, ಅಂಗಡಿಯವರು ಎಲ್ಲಿ ಎಂದು ಕೇಳುತ್ತಿದ್ದರು.

ಲೈಸೆನ್ಸು ನೋಡಲು ಒಬ್ಬ ಇನ್ಸ್‌ಪೆಕ್ಟರು ಬಂದರು. ಮಾರುವವನು ಅಂಗಡಿಯ ಒಳಗಿರಬೇಕು, ಫುಟ್‌ಪಾತಿನಲ್ಲಿ ನಿಂತರೆ ಅತಿಕ್ರಮಣ ಎಂದರು. ಅಣ್ಣ ಬೆನ್ನನ್ನು ಹಲಗೆಗೆ ಒತ್ತಿ, ಎರಡು ತೆಂಗಿನಕಾಯಿಗಳ ನಡುವೆ ತಲೆ ಇಟ್ಟು ನಿಂತರು. ಇನ್ಸ್‌ಪೆಕ್ಟರು ಬಗ್ಗಿ ನೋಡಿ, “ಪೇಟ್ ಬಾಹರ್ ಹೈ,” ಎಂದರು.

“ಹೊಟ್ಟೆ ಹೊರಗುಂಟಂತೆ,” ಎಂದರು ಅಣ್ಣ ನನಗೆ. “ಉಸಿರು ಒಳಗೆ ಎಳಕೊಂಡ್ರೆ ನಡೀತದಾ ಕೇಳಿ.”

ಉಸಿರು ಎಳೆದುಕೊಂಡರು. ಇನ್ಸ್‌ಪೆಕ್ಟರು ಮತ್ತೆ ಅಳೆದರು. ಈಗ ಪರವಾಗಿಲ್ಲ ಎಂದು ಬರೆದುಕೊಂಡು ಹೋದರು. ಅಂದಿನಿಂದ ಖಾಕಿ ಬಟ್ಟೆ ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಅಣ್ಣ ಗೋಡೆಗೆ ಅಂಟಿ ಉಸಿರು ಹಿಡಿಯುತ್ತಿದ್ದರು. ಹಾಗೆ ಹಿಡಿದುಕೊಂಡೇ ಒಮ್ಮೆ ನನ್ನ ಹೆಂಡತಿಗೆ ಎಲೆಯ ದರ ಹೇಳಿದ್ದರಂತೆ. ಅವಳು ಅಷ್ಟು ಹೊತ್ತಿಗೆ ಪಳಗಿದ್ದಳು. “ಉಸಿರು ಬಿಡೂದ್ರೊಳಗ ಅರ್ಧಕ್ಕ ಇಳಿಸಿದೆ ನೋಡ್ರಿ,” ಎಂದು ಹಿಗ್ಗಿನಿಂದ ಹೇಳಿದಳು. ಮೊದಲು ನಕ್ಕೆ. ರಾತ್ರಿ ಊಟಕ್ಕೆ ಕೂತಾಗ ಆ ಎಲೆಯನ್ನು ಪಕ್ಕಕ್ಕೆ ಸರಿಸಿ ತಟ್ಟೆ ಕೇಳಿದೆ.

ರಸ್ತೆಯ ಉದ್ಘಾಟನೆ ದೊಡ್ಡದಾಗಿಯೇ ನಡೆಯಿತು. ಪೆಂಡಾಲು ಹಾಕಿ, ಒಂದು ಸಾಲು ಕುರ್ಚಿ ಇಟ್ಟು, ನಡುವಿನದಕ್ಕೆ ಕೆಂಪು ಬಟ್ಟೆ ಹೊದಿಸಿದ್ದರು. ಮುಖ್ಯ ಅತಿಥಿಗಳು, ಯಾರೋ ದೊಡ್ಡ ಮನುಷ್ಯರು, ಬಂದು ಅದರ ಮೇಲೆ ಕೂತರು. ಅಣ್ಣ ನನ್ನ ಪಕ್ಕದಲ್ಲಿ ನಿಂತಿದ್ದವರು ಇದ್ದಕ್ಕಿದ್ದ ಹಾಗೆ ಎದುರು ಸಾಲಿನ ಅಂಗಡಿಯ ಕಂಬ ನೋಡಿದರು, ಚರಂಡಿಯ ತಿರುವು ನೋಡಿದರು, ಆ ಕುರ್ಚಿ ನೋಡಿದರು.

“ಅದು ನನ್ನ ಮಣೆ ಇದ್ದ ಜಾಗ,” ಎಂದರು.

ನಾನು ತಡೆಯುವುದರೊಳಗೆ ನೇರ ಹೋಗಿ ಮುಖ್ಯ ಅತಿಥಿಗಳ ಮುಂದೆ ನಿಂತು, “ಸ್ವಲ್ಪ ಏಳಿ. ಇದು ನಾನು ಕೂರುವ ಜಾಗ,” ಎಂದು ಕನ್ನಡದಲ್ಲೇ ಹೇಳಿದರು. ಆ ದನಿಯಲ್ಲಿ ಎಂಥ ಧಣಿತನವಿತ್ತೆಂದರೆ ಅತಿಥಿಗಳು ತಬ್ಬಿಬ್ಬಾಗಿ ಎದ್ದು, ಪಕ್ಕದ ಕುರ್ಚಿಗೆ ಸರಿದರು. ಅಲ್ಲಿದ್ದವರು ಅದರಾಚೆಗೆ ಸರಿದರು. ಕೊನೆಯಲ್ಲಿದ್ದ ಎಂಜಿನಿಯರ್ ಸಾಹೇಬರಿಗೆ ಕುರ್ಚಿಯೇ ಇಲ್ಲದಾಯಿತು. ಅವರು ಅಣ್ಣನನ್ನು ಗುರುತಿಸಿ, ಪೆಂಡಾಲಿನ ಕಂಬಕ್ಕೆ ಒರಗಿ ನಿಂತುಕೊಂಡರು. ಹಾರ ಹಾಕುವವನು ಕೆಂಪು ಬಟ್ಟೆಯ ಕುರ್ಚಿ ನೋಡಿ ಹಾರ ಹಾಕಿದ. ಅದು ಅಣ್ಣನ ಕೊರಳಿಗೆ ಬಿತ್ತು.

ಅಣ್ಣ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕೂತರು. ಬಜಾರಿಗೆ ಹೊಸ ಜೀವ ಬಂತು ಎಂದು ಭಾಷಣಗಳಾದವು. ಅವರು ಯಾವುದನ್ನೂ ಕೇಳಲಿಲ್ಲ. ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ನೋಡುತ್ತ, ಗುರುತಿನವರು ಕಂಡರೆ ಕೂತಲ್ಲಿಂದಲೇ ಕೈ ಎತ್ತುತ್ತಿದ್ದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಆ ಊರಿನಲ್ಲಿ ಬೇರೆ ಯಾರಲ್ಲೂ ಕಂಡಿಲ್ಲ.

ಸಭೆ ಮುಗಿದು ಜನ ಚದುರಿದರು. ಪೆಂಡಾಲಿನ ಆಳುಗಳು ಕುರ್ಚಿಗಳನ್ನು ಮಡಚಿ ಗಾಡಿಗೆ ಹಾಕತೊಡಗಿದರು. ರಸ್ತೆಯ ನಡುವೆ ಒಂದೇ ಕುರ್ಚಿ ಉಳಿಯಿತು. ಒಬ್ಬ ಆಳು ಬಂದು, “ಉಠಾ ಅಣ್ಣಾ, ಖುರ್ಚಿ ದ್ಯಾ,” ಎಂದ. ಏಳಿ, ಕುರ್ಚಿ ಕೊಡಿ ಎಂದು.

ಇನ್ನು ಶುರುವಾಗುತ್ತದೆ ಎಂದುಕೊಂಡೆ. ಇವರು ಒಂದು ಗಂಟೆ ಎನ್ನುತ್ತಾರೆ, ಅವನು ಐದು ನಿಮಿಷ ಎನ್ನುತ್ತಾನೆ, ಎಲ್ಲೋ ನಡುವೆ ಕುದುರುತ್ತದೆ. ಅವರ ಪರವಾಗಿ ಮರಾಠಿಯಲ್ಲಿ ಮಾತಾಡಲು ನಾನೂ ಹತ್ತಿರ ಹೋದೆ. ಅವನು ಒಪ್ಪದಿದ್ದರೆ ಕಾಲು ಹಿಡಿದಾದರೂ ಒಪ್ಪಿಸಬೇಕು ಎಂದು ನಿಶ್ಚಯಿಸಿದ್ದೆ.

ಅಣ್ಣ ಅವನ ಮುಖ ನೋಡಿದರು. “ಆಯ್ತು,” ಎಂದರು. ಎದ್ದು, ಕುರ್ಚಿಯನ್ನು ತಾವೇ ಮಡಚಿ ಅವನ ಕೈಗೆ ಕೊಟ್ಟು, ಹೋಗಿ ಅಂಗಡಿಯ ಮುಂದೆ ನಿಂತುಕೊಂಡರು.